ಮಾತು ಕೇಳದ ಮೈ

ಸಾಸ್ತಾನ
೧೨ ಜೂನ್ ೨೦೨೪

ವನಮಾಲಾ ಚಿಕ್ಕಮ್ಮನಿಗೆ ಶ್ರಾವ್ಯಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಬೇಕಿತ್ತು. ಸುಳ್ಳಿನಿಂದ ಪತ್ರ ಆರಂಭಿಸಲು ಮನಸ್ಸಾಗಲಿಲ್ಲ. ನಾನು ನಿಮ್ಮ ಅಕ್ಕ ಉಮಾವತಿಯ ಮಗಳು. ನನ್ನ ನಾಮಕರಣದ ದಿನ ತೊಟ್ಟಿಲಲ್ಲಿ ನೋಡಿದ್ದೇ ಕೊನೆ, ಆಮೇಲೆ ನೀವು ನನ್ನನ್ನು ನೋಡಿಲ್ಲವಂತೆ. ಈಗ ನನಗೆ ಇಪ್ಪತ್ತೊಂದು, ಬಿ.ಎಸ್ಸಿ. ಮುಗಿಯಿತು. ನೀವು ಬೈಂದೂರಿನ ಕಡೆ ಹಳ್ಳಿಯ ಅಂಚೆ ಕಚೇರಿ ನೋಡಿಕೊಳ್ಳುತ್ತೀರಿ, ಅಲ್ಲಿಗೆ ಬರೆದರೆ ನಿಮ್ಮ ಕೈಗೇ ಸೇರುತ್ತದೆ ಎಂದು ಅಪ್ಪಯ್ಯ ಹೇಳಿದರು. ಅಮ್ಮನಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಫೋನಿನಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಕೇಳುತ್ತದೆ, ಅದಕ್ಕೆ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನನ್ನ ತೊಡೆಯ ಸಂದಿನಲ್ಲಿ ಎರಡೂ ಕಡೆ ಸಣ್ಣ ಗಂಟುಗಳಿದ್ದವು. ಹರ್ನಿಯಾ, ಸಣ್ಣ ಆಪರೇಶನ್, ಎರಡು ದಿನದಲ್ಲಿ ಮನೆಗೆ ಹೋಗಬಹುದು ಎಂದರು ಕುಂದಾಪುರದ ಡಾಕ್ಟರು. ಒಳಗೆ ನೋಡಿದವರು ಕೆಲಸ ಅರ್ಧಕ್ಕೇ ನಿಲ್ಲಿಸಿ, ಗಂಟನ್ನು ಮುಟ್ಟದೆ ಹಾಗೆಯೇ ಹೊಲಿದು ಹೊರಗೆ ಬಂದು ಅಪ್ಪಯ್ಯನನ್ನು ಕರೆದರಂತೆ. ಅದು ಕರುಳಾಗಿರಲಿಲ್ಲ. ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನ್. ನನಗೆ ಗರ್ಭಕೋಶ ಇಲ್ಲ. ನನ್ನ ಕ್ರೋಮೋಸೋಮು ಗಂಡಸರದ್ದು. ಆ ಗಂಟುಗಳು ಗಂಡಸರಿಗೆ ಇರುವ ಬೀಜಗಳು. ಇದನ್ನು ಕೇಳಿದಾಗ ನನಗೆ ಅಳು ಬರಲಿಲ್ಲ, ನಗು ಬಂತು. ಕೈಕಾಲು ತಣ್ಣಗಾಗಿ, ಹಲ್ಲು ಕಟಕಟ ಎನ್ನುತ್ತಿದ್ದರೂ ನಗುತ್ತಲೇ ಇದ್ದೆ. ನರ್ಸ್ ಬಂದು ಹೊದಿಸಿದರು.

ದೊಡ್ಡ ಆಘಾತ ಅದಲ್ಲ. ಆಪರೇಶನ್ನಿಗೆ ಮೊದಲು ಡಾಕ್ಟರು ತಿಂಗಳ ಮುಟ್ಟಿನ ಬಗ್ಗೆ ಕೇಳಿದಾಗ ಅಮ್ಮ, "ತಿಂಗ್ಳ್ ತಿಂಗ್ಳ್ ಸರಿ ಆತ್ತ್ ಡಾಕ್ಟ್ರೇ" ಎಂದಿದ್ದರು. ನನಗೆ ಒಂದು ಸಲವೂ ಆಗಿಲ್ಲ, ಚಿಕ್ಕಮ್ಮ. ಆದರೂ ಹತ್ತನೆಯ ಕ್ಲಾಸಿನಿಂದ ತಿಂಗಳಿಗೆ ಮೂರು ದಿನ ಹೊರಗಿನ ಕೋಣೆಯಲ್ಲಿ ಚಾಪೆ ಹಾಕಿ ಕೂತಿದ್ದೇನೆ. "ಕೆಲವರಿಗೆ ತಡ ಆತ್ತ್, ಅಲ್ಲಿವರೆಗೆ ಊರ ಬಾಯಿಗೆ ಯಾಕ್ ಬೀಳುದ್" ಎಂದಿದ್ದರು ಅಮ್ಮ. ನಾನು ನಂಬಿದ್ದೆ. ಜೀವಶಾಸ್ತ್ರ ಓದಿಯೂ ನಂಬಿದ್ದೆ.

ತಾಯಿಯ ಕಡೆ ಹೀಗೆ ಮುಟ್ಟಾಗದ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರು ಕೇಳಿದಾಗ, "ಯಾರೂ ಇಲ್ಲೆ" ಎಂದರು ಅಮ್ಮ. ಅಪ್ಪಯ್ಯ ಕಿಟಕಿಯ ಕಡೆ ಮುಖ ತಿರುಗಿಸಿದರು. ಮನೆಗೆ ಬರುವ ದಾರಿಯಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ, "ವನಮಾಲಾಗೆ ಬರಿ" ಎಂದರು.

ಆದ್ದರಿಂದ ನೇರವಾಗಿ ಕೇಳುತ್ತೇನೆ. ನೀವು ಹೊರಗೆ ಕೂತದ್ದೂ ಸುಳ್ಳಾ? ನಿಮಗೂ ಗಂಟು ಇದೆಯಾ? ಇದ್ದರೆ ಬೇಗ ತೋರಿಸಬೇಕು. ವಯಸ್ಸಾದ ಹಾಗೆ ಅದು ಕ್ಯಾನ್ಸರ್ ಆಗಬಹುದಂತೆ.

ಇತಿ,
ನೀವು ತೊಟ್ಟಿಲಲ್ಲಷ್ಟೇ ನೋಡಿದ ಮಗಳು
ಶ್ರಾವ್ಯ


ಬೈಂದೂರು
೨೪ ಜೂನ್ ೨೦೨೪

ಶ್ರಾವ್ಯ,

ನಿನ್ನ ಲಕೋಟೆಗೆ ಇಲ್ಲಿಯ ಮುದ್ರೆ ಒತ್ತಿದವಳು ನಾನೇ. ಓದಿ ಮುಗಿಸಿದ ಮೇಲೆ ಪಿಂಚಣಿಗೆ ಬಂದ ಅಜ್ಜನಿಗೆ ಬೇರೆಯವರ ಪಾಸ್‌ಬುಕ್ ಕೊಟ್ಟೆ. ಮೂವತ್ತು ವರ್ಷದ ಹತ್ತಿರ ಕೆಲಸ ಮಾಡಿದವಳು ಇಂಥ ತಪ್ಪು ಮಾಡಿರಲಿಲ್ಲ.

ನಿನಗೆ ಎಷ್ಟು ಧೈರ್ಯ ಹುಡುಗಿ. ಮುಖ ಪರಿಚಯ ಇಲ್ಲದವಳು ಒಂದು ಕಾಗದ ಬರೆದು ನನ್ನನ್ನು ಗಂಡಸು ಮಾಡಿಬಿಟ್ಟೆಯಲ್ಲ. ನಾನು ಸೀರೆ ಉಟ್ಟು, ಜಡೆ ಹಾಕಿ, ಹೆಂಗಸಾಗಿ ಬಾಳಿದವಳು. ಹೆಂಗಸಾಗಿಯೇ ಅವಮಾನವನ್ನೂ ಉಂಡವಳು. ಈಗ ಅದೂ ನನ್ನದಲ್ಲ ಎನ್ನುತ್ತೀಯಾ? ನನಗೆ ಏನೂ ಆಗಿಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮ ಮನೆಯವರು ಇಷ್ಟು ವರ್ಷ ಬಿಟ್ಟ ಹಾಗೆ ಇನ್ನೂ ಬಿಡಿ. ಇನ್ನು ಬರೆಯಬೇಡ.

ನಿನ್ನ ಗಂಟುಗಳನ್ನು ತೆಗೆಸುವುದು ಯಾವಾಗ? ಹೊಲಿಗೆ ಹಾಕಿದ ಜಾಗ ನೋಯುತ್ತದೆಯಾ?

ವನಮಾಲಾ


ಸಾಸ್ತಾನ
೮ ಜುಲೈ ೨೦೨೪

ಚಿಕ್ಕಮ್ಮನಿಗೆ ನಮಸ್ಕಾರ.

ಬರೆಯಬೇಡ ಎಂದಿರಿ, ಆಮೇಲೆ ಎರಡು ಪ್ರಶ್ನೆ ಕೇಳಿದಿರಿ. ಪ್ರಶ್ನೆ ಕೇಳಿದವರಿಗೆ ಬರೆಯದಿದ್ದರೆ ಮರ್ಯಾದೆಯಲ್ಲ. ನೋವು ಕಡಿಮೆಯಾಗಿದೆ.

ನೀವು ಗಂಡಸಲ್ಲ. ನಾನೂ ಅಲ್ಲ. ನನ್ನ ಮೊದಲ ಪತ್ರದಲ್ಲಿ ಅರ್ಧ ಮಾತ್ರ ಹೇಳಿದ್ದೆ. ಆಗ ನನಗೂ ಅರ್ಧವೇ ತಿಳಿದಿತ್ತು. ಪರೀಕ್ಷೆಯಲ್ಲಿ "ಗ್ರಾಹಿ ಎಂದರೇನು" ಎಂಬ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು ನಾನು. ನನ್ನ ಮೈಯಲ್ಲೇ ಅದು ಇಲ್ಲವೆಂದು ಗೊತ್ತಿರಲಿಲ್ಲ.

ಮೈಯೆಂದರೆ ಲೆಕ್ಕವಿಲ್ಲದಷ್ಟು ಜೀವಕೋಶಗಳು. ಒಂದು ಕಡೆಯ ಕೋಶ ಇನ್ನೊಂದು ಕಡೆಯ ಕೋಶಕ್ಕೆ ಏನಾದರೂ ತಿಳಿಸಬೇಕಾದರೆ ರಕ್ತದಲ್ಲಿ ಒಂದು ರಸ ಬಿಡುತ್ತದೆ, ಅದೇ ಹಾರ್ಮೋನು. ಆ ರಸ ಎಲ್ಲ ಕೋಶಗಳ ಬಾಗಿಲಿಗೂ ಹೋಗುತ್ತದೆ. ಆದರೆ ಅದನ್ನು ಹಿಡಿದುಕೊಳ್ಳುವ ಒಂದು ವಸ್ತು ಕೋಶದಲ್ಲಿರಬೇಕು. ಅದನ್ನೇ ಗ್ರಾಹಿ, ರಿಸೆಪ್ಟರ್ ಎನ್ನುವುದು. ಅದಿಲ್ಲದ ಕೋಶಕ್ಕೆ ಎಷ್ಟು ರಸ ಬಂದರೂ ಒಂದೇ, ಬಾರದಿದ್ದರೂ ಒಂದೇ. ನಿಮಗೆ ಹೇಳುವುದು ಸುಲಭ: ವಿಳಾಸ ಸರಿ ಇದೆ, ಅಂಚೆಯವ ಬಂದಿದ್ದಾನೆ, ತೆಗೆದುಕೊಳ್ಳುವವರು ಇಲ್ಲ.

ಹೊಟ್ಟೆಯಲ್ಲಿದ್ದಾಗ ನನ್ನೊಳಗಿನ ಬೀಜಗಳು "ಗಂಡಾಗು" ಎಂದು ಹೇಳುತ್ತಲೇ ಇದ್ದವು. ಆ ಮಾತನ್ನು ಹಿಡಿಯುವ ಗ್ರಾಹಿ ನನ್ನಲ್ಲಿ ಸರಿಯಾಗಿ ಹುಟ್ಟಿಲ್ಲ. ಆ ಮಾತು ಕೇಳದಿದ್ದರೆ ಮೈ ತನ್ನ ಪಾಡಿಗೆ ಹೆಣ್ಣಾಗಿ ಬೆಳೆಯುತ್ತದೆ. ಗರ್ಭಕೋಶ ಬೇಡ ಎಂದು ಇನ್ನೊಂದು ಹಾರ್ಮೋನು ಹೇಳಿತು. ಅದರ ಗ್ರಾಹಿ ಸರಿಯಿತ್ತು, ಆದ್ದರಿಂದ ಆ ಮಾತು ಮಾತ್ರ ನಡೆಯಿತು. ಪ್ರಾಯಕ್ಕೆ ಬಂದಾಗ ಅವೇ ಬೀಜಗಳ ರಸವನ್ನು ಮೈ ಹೆಣ್ಣಿನ ಹಾರ್ಮೋನಾಗಿ ಬದಲಾಯಿಸಿಕೊಂಡಿತು. ಎದೆ ಬಂತು, ನಡು ಬಂತು. ಮುಖದಲ್ಲಿ ಒಂದು ಮೊಡವೆ ಇಲ್ಲ, ಕಂಕುಳಲ್ಲಿ ಕೂದಲಿಲ್ಲ, ಎತ್ತರ ಬೇರೆ. "ವನಮಾಲಾನ್ ಹಾಂಗೇ ಚಂದ" ಎಂದು ಅಮ್ಮಮ್ಮ ಒಮ್ಮೆ ಬಾಯಿತಪ್ಪಿ ಹೇಳಿ ಆಮೇಲೆ ಇಡೀ ದಿನ ಮಾತಾಡಿರಲಿಲ್ಲ. ಈಗ ಯಾಕೆಂದು ಗೊತ್ತಾಯಿತು.

ಡಾಕ್ಟರು ಎರಡನ್ನೂ ತೆಗೆಸು, ಆಮೇಲೆ ದಿನಾ ಗುಳಿಗೆ ತೆಗೆದುಕೋ ಎನ್ನುತ್ತಾರೆ. ಅದರ ವಿಚಾರ ಇನ್ನೊಮ್ಮೆ ಬರೆಯುತ್ತೇನೆ.

ಅಮ್ಮ ನನ್ನೊಡನೆ ಈ ವಿಷಯ ಎತ್ತುವುದೇ ಇಲ್ಲ. ನಿನ್ನೆ "ತಾರೀಕ್ ಬಂತ್" ಎಂದು ಹೊರಗಿನ ಕೋಣೆಯಲ್ಲಿ ಚಾಪೆ ಹಾಕಿದರು. ಎಲ್ಲ ಗೊತ್ತಾದ ಮೇಲೂ. ನಾನು ಅವರ ಮುಖವನ್ನೇ ನೋಡಿದೆ. "ಪಕ್ಕದ್ ಮನೆಯವ್ರ್ ಕಾಂತ್ರ್" ಎಂದರು. ನೋಡುವವರಿಗೋಸ್ಕರ ಹೋಗಿ ಕೂತೆ, ಚಿಕ್ಕಮ್ಮ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ನಿಮ್ಮ ಗಂಟಿನ ವಿಷಯ ನೀವು ಇಲ್ಲ ಎಂದಿಲ್ಲ. ತೋರಿಸಿ.

ಶ್ರಾವ್ಯ


ಬೈಂದೂರು
೨ ಆಗಸ್ಟ್ ೨೦೨೪

ಚಿ. ಶ್ರಾವ್ಯಳಿಗೆ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹಾರ್ಮೋನಿನ ಭಾಗ ನಿಧಾನಕ್ಕೆ ತಲೆಗೆ ಹೋಯಿತು. ಚಾಪೆಯ ಭಾಗ ಒಂದೇ ಸಲಕ್ಕೆ ಹೋಯಿತು.

ನನಗೆ ಹದಿನೇಳಾದರೂ ಆಗಲಿಲ್ಲ. ಒಂದು ದಿನ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದು, "ಇವತ್ತಿಂದ ಮೂರ್ ದಿನ ಹೊರ್ಗ್ ಕೂಕೋ. ಯಾರ್ ಕೇಂಡ್ರೂ ಹೌದ್ ಅನ್ನ್" ಎಂದಳು. ನಾಲ್ಕನೆಯ ದಿನ ತಲೆಗೆ ಎರೆದು, ಹೂ ಮುಡಿಸಿ, ಆರತಿ ಎತ್ತಿದರು. ಕೇರಿಯ ಹೆಂಗಸರಿಗೆಲ್ಲ ಎಳ್ಳುಂಡೆ ಹಂಚಿದರು. ನಿನ್ನಮ್ಮನೇ ಹಾಡು ಹೇಳಿದವಳು. ಅವಳಿಗೆ ಗೊತ್ತಿತ್ತು. ನನಗೆ ಎಷ್ಟು ನಾಚಿಕೆಯಾಗಿತ್ತೆಂದರೆ, ಎಲ್ಲರೂ ಅದನ್ನು ಹೆಣ್ಣುಮಗಳ ಸಹಜ ನಾಚಿಕೆ ಎಂದುಕೊಂಡರು.

ಹಾಗೆಯೇ ಮದುವೆ ಮಾಡಿ ಬೈಂದೂರಿಗೆ ಕೊಟ್ಟರು. ಇಲ್ಲಿಯೂ ತಿಂಗಳು ತಿಂಗಳು ಕೂತೆ. ಅತ್ತೆಯ ಕಣ್ಣು ಚುರುಕು. ಒಂದು ನಾಲ್ಕನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತರು. ಒಗೆಯುವುದಕ್ಕೆ ಏನೂ ಇರಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. "ಹೆಣ್ಣ್ ಅಂದ್ಕಂಡ್ ತಂದದ್ದ್, ನಿಮ್ಮವ್ರ್ ಎಂತ ಕೊಟ್ರ್ ಕಾಣ್" ಎಂದು ಅಷ್ಟೇ ಹೇಳಿದರು. ಮರುದಿನ ಗಂಡ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದ. ತವರಲ್ಲಿ ಅಮ್ಮ ಅಳಲೂ ಇಲ್ಲ. ಗಂಡನ ಮನೆಯವರು ಸರಿ ಇರಲಿಲ್ಲ ಎಂದು ಊರಿಗೆ ಹೇಳಿದಳು. ಅಂಚೆ ಕೆಲಸ ಸಿಕ್ಕಿದಾಗ, ಅದು ಇದೇ ಬೈಂದೂರಿನ ಕಡೆಯಾದರೂ ಓಡಿ ಬಂದೆ. ಅವಮಾನವಾದ ಊರಲ್ಲೇ ತಲೆ ಎತ್ತಿ ಬದುಕುತ್ತೇನೆ ಎಂಬ ಹಟವಿತ್ತು.

ನಿನ್ನ ನಾಮಕರಣಕ್ಕೆ ಬೆಳ್ಳಿಯ ಕಾಲ್ಗೆಜ್ಜೆ ತಂದಿದ್ದೆ. ತೊಟ್ಟಿಲಿಗೆ ಬಗ್ಗಿದಾಗ ನಿನ್ನಮ್ಮ ಎಲ್ಲರೆದುರು, "ವನಮಾಲಾ, ಮಗಿಗೆ ಕೈ ಹಾಕ್ಬೇಡ. ನಿನ್ ದೃಷ್ಟಿ ಬೀಳುದ್ ಬ್ಯಾಡ" ಎಂದಳು. ಊಟಕ್ಕೆ ಎಲೆ ಹಾಕಿದ್ದರು. ಕೂರಲಿಲ್ಲ.

ಈ ಊರಿನಲ್ಲೂ ನಾನು ನಾಟಕ ಬಿಡಲಿಲ್ಲ. ಪೂಜೆಗೆ ಕರೆದರೆ ಕೆಲವು ಸಲ "ನಾ ಹೊರ್ಗೆ" ಎಂದು ಹೇಳಿ ಉಳಿಯುತ್ತಿದ್ದೆ. ನಾಲ್ಕೈದು ವರ್ಷದ ಹಿಂದೆ ನಿಂತಿತು ಎಂದು ಹೇಳಿದೆ. ಬಾರದೇ ಇದ್ದದ್ದು ನಿಂತಿತು. ಪಕ್ಕದ ಮನೆಯವಳು "ಇನ್ನ್ ನಿಂಗ್ ಆರಾಮ್" ಎಂದಳು. ಅವತ್ತು ಬಾಗಿಲು ಹಾಕಿಕೊಂಡು ಅತ್ತೆ.

ಗಂಟು ಇದೆ. ಹುಡುಗಿಯಾಗಿದ್ದಾಗಿನಿಂದ ಇದೆ. ಎಡಗಡೆಯದ್ದು ಕಳೆದ ದೀಪಾವಳಿಯಿಂದ ಬೆಳೆದಿದೆ, ಈಗ ನೆರಿಗೆ ಸಿಕ್ಕಿಸುವಾಗ ತಾಗುತ್ತದೆ. ಆದರೆ ಡಾಕ್ಟರ ಎದುರು ಕೂತು ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನ್ನಿಂದಾಗದು.

ನೀನು ಯಾವಾಗ ತೆಗೆಸುತ್ತಿ, ಅದನ್ನು ಹೇಳಲಿಲ್ಲ.

ನಿನ್ನ ಚಿಕ್ಕಿ


ಮಂಗಳೂರು, ಹಾಸ್ಟೆಲ್
೨೧ ಆಗಸ್ಟ್ ೨೦೨೪

ಚಿಕ್ಕಿ,

ಎಂ.ಎಸ್ಸಿ.ಗೆ ಸೇರಿ ಇಲ್ಲಿಗೆ ಬಂದೆ. ನಿಮ್ಮ ಪತ್ರ ಸಾಸ್ತಾನದಲ್ಲಿ ಸಿಕ್ಕಿತ್ತು, ಉತ್ತರಿಸಲು ತಡವಾಯಿತು, ಯಾಕೆಂದರೆ ನಡುವೆ ಒಂದು ಸಂಗತಿ ನಡೆಯಿತು.

ಉಡುಪಿಯ ಡಾಕ್ಟರೊಬ್ಬರು ಮನೆಯವರನ್ನೂ ಕರೆದುಕೊಂಡು ಬಾ ಎಂದಿದ್ದರು. ಅಮ್ಮ ಬಂದರು. ಕೂತವರು ಎಲ್ಲ ಕೇಳಿ, "ಇದ್ ದೃಷ್ಟಿ ಬಿದ್ ಆದದ್ದಲ್ದಾ?" ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಇಷ್ಟು ವರ್ಷ ಅವರು, ಅವತ್ತು ತೊಟ್ಟಿಲಿಗೆ ಬಗ್ಗಿದ ನಿಮ್ಮ ಕಣ್ಣಿನಿಂದಲೇ ಮಗಳಿಗೆ ಹೀಗಾಯಿತು ಎಂದು ನಂಬಿದ್ದರು.

ಆ ಗ್ರಾಹಿಯನ್ನು ಮಾಡುವ ಸೂಚನೆ ತಾಯಿಯಿಂದ ಬರುವ ಕ್ರೋಮೋಸೋಮಿನಲ್ಲಿ ಇರುತ್ತದಂತೆ. ತಾಯಿಯಲ್ಲಿ ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಅವಳಿಗೆ ಏನೂ ಆಗುವುದಿಲ್ಲ. ಕೆಟ್ಟದ್ದು ದಾಟಿದ ಮಗುವಿನ ಕ್ರೋಮೋಸೋಮು ಗಂಡಿನದಾದರೆ ಅದು ನಮ್ಮ ಹಾಗೆ, ಹೆಣ್ಣಿನದಾದರೆ ಅಮ್ಮನ ಹಾಗೆ ಮುಂದಕ್ಕೆ ದಾಟಿಸಬಲ್ಲವಳು. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು: ಅಮ್ಮಮ್ಮನಿಂದ ನಿಮಗೆ. ಅಮ್ಮಮ್ಮನಿಂದ ಅಮ್ಮನಿಗೆ, ಅಮ್ಮನಿಂದ ನನಗೆ.

"ಅಂದ್ರೆ ನನ್ನಿಂದ್ಲಾ?" ಎಂದರು ಅಮ್ಮ.

"ಯಾರದ್ದೂ ತಪ್ಪಲ್ಲ ಅಮ್ಮ. ಆದರೆ ಹೌದು" ಎಂದರು ಡಾಕ್ಟರು.

ಬಸ್ಸಿನಲ್ಲಿ ಗರ ಬಡಿದವರ ಹಾಗೆ ಕೂತಿದ್ದರು. ಕಂಡಕ್ಟರ್ "ಸಾಸ್ತಾನ, ಸಾಸ್ತಾನ" ಎಂದು ಕೂಗಿದ. ಕೈ ಹಿಡಿದು ಎಳೆದರೂ ಏಳಲಿಲ್ಲ. ಸಾಲಿಗ್ರಾಮವೂ ದಾಟಿತು. ಕೋಟದಲ್ಲಿ ಹೇಗೋ ಇಳಿಸಿದೆ. ಅಲ್ಲಿ ನೆರಳಲ್ಲಿ ನಿಂತು, "ನಾ ಅವ್ಳಿಗ್ ಉಂಬುಕೂ ಬಿಡ್ಲಿಲ್ಲ" ಎಂದರು. ಆಗ ನಿಮ್ಮ ಗಂಟಿನ ವಿಷಯ ಹೇಳಿಬಿಟ್ಟೆ. ಬೈಯುವುದಾದರೆ ಬೈಯಿರಿ.

ಹೇಳಲು ನಾಚಿಕೆ ಎಂದು ಯಾರೂ ಸಾಯಬಾರದು ಚಿಕ್ಕಿ. ದಮ್ಮಯ್ಯ.

ಶ್ರಾವ್ಯ


ಸಾಸ್ತಾನ
೨೮ ಆಗಸ್ಟ್ ೨೦೨೪

ವನಮಾಲಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಶ್ರಾವ್ಯ ಎಲ್ಲ ಹೇಳಿದಳು. ಚೌತಿಗೆ ಮೊದಲೇ, ಸೆಪ್ಟೆಂಬರ್ ಐದರ ಗುರುವಾರಕ್ಕೆ ಉಡುಪಿಯಲ್ಲಿ ಡಾಕ್ಟರ ಹತ್ತಿರ ನಿನ್ನ ಹೆಸರು ಹೇಳಿಟ್ಟಿದ್ದೇನೆ. ಬುಧವಾರವೇ ನಾನು ಬೈಂದೂರಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಜಗಲಿಯಲ್ಲಿ ಕೂರುತ್ತೇನೆ. ಬೇರೆ ಏನು ಬರೆಯಬೇಕೆಂದು ತಿಳಿಯುವುದಿಲ್ಲ.

ಉಮಾವತಿ


ಬೈಂದೂರು
೩೧ ಆಗಸ್ಟ್ ೨೦೨೪

ಅಕ್ಕ,

ಜಗಲಿಯಲ್ಲಿ ಕೂರಬೇಡ, ಊರಿಗೆಲ್ಲ ತಮಾಷೆ. ಬಾಗಿಲು ತೆಗೆಯುತ್ತೇನೆ. ಡಾಕ್ಟರ ಎದುರು ಮಾತ್ರ ಮಾತು ನನ್ನದು, ನೀನು ಬಾಯಿ ಬಿಡಬಾರದು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ನನಗೆ ಹೆದರಿಕೆಯಾಗಿದೆ, ಒಬ್ಬಳೇ ಹೋಗಲಾರೆ, ಅದಕ್ಕೆ ನಿನ್ನ ಜೊತೆ ಬರುತ್ತಿದ್ದೇನೆ.

ವನಮಾಲಾ


ಸಾಸ್ತಾನ
೨೮ ಸೆಪ್ಟೆಂಬರ್ ೨೦೨೪

ಚಿ. ಶ್ರಾವ್ಯಳಿಗೆ ಆಶೀರ್ವಾದ.

ನಿನ್ನ ಮನೆಯಲ್ಲಿ, ನಿನ್ನ ಮಂಚದ ಮೇಲೆ ದಿಂಬಿಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನಮ್ಮ "ಎಲ್ಲ ಸರಿ ಆಯ್ತ್" ಎಂದಳಂತೆ. ಅವಳ "ಸರಿ" ಎಂಥದ್ದೆಂದು ನಿನಗೂ ಗೊತ್ತು. ಆದ್ದರಿಂದ ನಾನೇ ಹೇಳುತ್ತೇನೆ.

ಡಾಕ್ಟರ ಎದುರು ಕೂತೆವು. ನೀವು ಕಂಡವರಲ್ಲ, ಬೇರೆ ಹೆಣ್ಣು ಡಾಕ್ಟರು, ನಿನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮುಟ್ಟು ಯಾವಾಗ ನಿಂತಿತು, ಮೊದಲು ಸರಿಯಾಗಿ ಆಗುತ್ತಿತ್ತೇ ಎಂದು ಕೇಳಿದರು. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ನಿನ್ನಮ್ಮ, "ಎಲ್ಲ ಸರಿ ಇದ್ದಿತ್ತ್ ಡಾಕ್ಟ್ರೇ, ತಿಂಗ್ಳ್ ತಿಂಗ್ಳ್ ಆತಿತ್ತ್" ಎಂದಳು.

ನಾನು ಅವಳ ಕಡೆ ತಿರುಗಿದೆ. ಶ್ರಾವ್ಯ, ಆ ಮುಖ ನಾನು ಸಾಯುವವರೆಗೂ ಮರೆಯಲಾರೆ. ಅವಳು ಬೇಕೆಂದು ಹೇಳಿರಲಿಲ್ಲ. ನನಗಿಂತ ಹೆಚ್ಚು ಬೆಚ್ಚಿದವಳು ಅವಳೇ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣು ಬಿಟ್ಟ ಹಾಗೇ ಇತ್ತು. ನನ್ನನ್ನು ಉಳಿಸಲೆಂದೇ ಬೈಂದೂರಿಗೆ ಬಂದು ಕರೆದುಕೊಂಡು ಹೋದವಳ ಬಾಯಿಂದಲೂ ಅದೇ ಬಂತು. ನಮ್ಮಮ್ಮ ಕಲಿಸಿದ ಪಾಠ ಅಷ್ಟು ಗಟ್ಟಿ. ಡಾಕ್ಟರು ಬರೆದುಕೊಳ್ಳುತ್ತಿದ್ದರು. ನಾನು ಕೈ ಚಾಚಿ ಪೆನ್ನು ಹಿಡಿದೆ.

ಆದರೆ ನಿಜ ಹೇಳಿದವಳು ನಿನ್ನಮ್ಮನೇ. "ಅದ್ ಹೊಡ್ದಾಕಿ ಡಾಕ್ಟ್ರೇ. ಇವ್ಳಿಗ್ ಹುಟ್ಟಿದ್ ಮೇಲೆ ಒಂದ್ ಸಲವೂ ಆಯ್ಲಿಲ್ಲ. ನನ್ ಮಗ್ಳಿಗೂ ಇಲ್ಲೆ. ನಂಗ್ ಗೊತ್ತಿತ್ತ್." ಹೊರಗೆ ಬೆಂಚಿನಲ್ಲಿ ಕೂತವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. ಆಮೇಲೆ ಉಳಿದದ್ದೆಲ್ಲ ನಾನೇ ಹೇಳಿದೆ.

ಚೌತಿ ಕಳೆದು ಆಪರೇಶನ್ ಆಯಿತು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಎಡಗಡೆಯದ್ದು ಕ್ಯಾನ್ಸರ್. ಹೊಟ್ಟೆಯೊಳಗಿನ ಗ್ರಂಥಿಗಳಿಗೂ ತಾಗಿದೆ. ಗುಣವಾಗುವ ಜಾತಿಯದ್ದೇ, ಕಿಮೋ ಕೊಟ್ಟು ನೋಡೋಣ ಎನ್ನುತ್ತಾರೆ. ಹತ್ತು ವರ್ಷ ಹಿಂದೆ ಬಂದಿದ್ದರೆ ಒಂದು ಸಣ್ಣ ಆಪರೇಶನ್ನಿನಲ್ಲಿ ಮುಗಿಯುತ್ತಿತ್ತಂತೆ. ನನಗೆ ಬದುಕಬೇಕು, ಮಗಳೇ. ಇಷ್ಟು ದಿನ ಅದು ಗೊತ್ತಿರಲಿಲ್ಲ.

ಈಗ ನಿನ್ನ ವಿಚಾರ. ಯಾವಾಗ ತೆಗೆಸುತ್ತಿ ಎಂದು ಮೊದಲ ಕಾಗದದಿಂದ ಕೇಳುತ್ತಿದ್ದೇನೆ. ಇನ್ನೊಮ್ಮೆ ಬರೆಯುತ್ತೇನೆ ಎಂದೆ, ಬರೆಯಲಿಲ್ಲ. ಫೋನಿನಲ್ಲಿ ಕೇಳಿದರೆ ಕ್ಲಾಸಿಗೆ ಹೊತ್ತಾಯಿತು ಎನ್ನುತ್ತಿ. ನನಗೆ ಉಪದೇಶ ಮಾಡಿದವಳು ನಿನ್ನ ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಂಗಳೂರಿಗೆ ಓಡಿದ್ದೀಯೆ. ನಿನಗೆ ಏನು ಹೆದರಿಕೆ ಎಂದು ನನಗೆ ಗೊತ್ತು. ಅದನ್ನು ತೆಗೆದರೆ ನಾನು ಏನಾಗಿ ಉಳಿಯುತ್ತೇನೆ ಎಂದಲ್ಲವೇ? ನನಗೆ ತೆಗೆದಿದ್ದಾರೆ. ನಾನು ಇದ್ದ ಹಾಗೇ ಇದ್ದೇನೆ. ಬೆಳಿಗ್ಗೆ ನಿನ್ನಮ್ಮ ತಲೆ ಬಾಚುವಾಗ ಸಿಕ್ಕು ಎಳೆದಳು, ಅವಳಿಗೆ ಬೈದೆ.

ಅಕ್ಟೋಬರ್ ಏಳಕ್ಕೆ, ಸೋಮವಾರ, ನನಗೆ ಮೊದಲ ಕಿಮೋ. ಅದೇ ದಿನ ನಿನ್ನನ್ನೂ ನೋಡಿ ಆಪರೇಶನ್ನಿಗೆ ದಿನ ಇಡಿ ಎಂದು ಡಾಕ್ಟರಿಗೆ ಹೇಳಿದ್ದೇನೆ. ನಿನ್ನಮ್ಮನ ಎದುರೇ ಇನ್ನೊಂದು ಮಾತೂ ಹೇಳಿದ್ದೇನೆ, ನಿನಗೂ ಬರೆಯುತ್ತೇನೆ. ನೀನು ಬಾರದಿದ್ದರೆ ನಾನು ಆ ಸೂಜಿಗೆ ಕೈ ಕೊಡುವುದಿಲ್ಲ. ಬೆದರಿಕೆ ಎಂದುಕೊಂಡರೆ ಬೆದರಿಕೆಯೇ. ನಾನು ಹಟದವಳು, ಬೈಂದೂರಿನಲ್ಲಿ ಯಾರನ್ನು ಬೇಕಾದರೂ ಕೇಳು.

ನಿನ್ನ ಚಿಕ್ಕಿ
ವನಮಾಲಾ


ಮಂಗಳೂರು
೧ ಅಕ್ಟೋಬರ್ ೨೦೨೪

ಚಿಕ್ಕಿ,

ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಮ್ಮ ಪತ್ರ ಓದಿದೆ. ಕ್ಯಾನ್ಸರ್ ಎಂಬಲ್ಲಿಗೆ ಬಂದಾಗ ಅಲ್ಲೇ ಕೂತೆ. ಗೆಳತಿಯರು ಸುತ್ತ ಸೇರಿ ಏನಾಯಿತೆಂದು ಕೇಳಿದರು. ತಲೆನೋವು ಎನ್ನಲು ಬಾಯಿ ತೆರೆದವಳು ತಡೆದುಕೊಂಡು, ನಿಮ್ಮದನ್ನೂ ನನ್ನದನ್ನೂ ಹೇಳಿಬಿಟ್ಟೆ. ಯಾರೂ ಎದ್ದು ಹೋಗಲಿಲ್ಲ. ಒಬ್ಬಳು ನೀರು ತಂದಳು.

ನೀವು ಹೇಳಿದ್ದೇ ನನ್ನ ಹೆದರಿಕೆ. ಈಗಲೂ ಇದೆ. ಇದ್ದರೂ ಭಾನುವಾರ ಬರುತ್ತೇನೆ, ಸೋಮವಾರ ನಿಮ್ಮ ಪಕ್ಕದಲ್ಲಿ ಕೂರುತ್ತೇನೆ. ಡಾಕ್ಟರು ಇಟ್ಟ ದಿನಕ್ಕೆ ಒಪ್ಪುತ್ತೇನೆ.

ಸೂಜಿಗೆ ಕೈ ಕೊಡಿ.

ಶ್ರಾವ್ಯ